ಅಕ್ಕನ ಮುಖ ಊದಲು ಶ್ವಾಸಕೋಶದ ಗಡ್ಡೆ ಕಾರಣವಂತೆ. ಇಂಥದ್ದು ಯಾರಾದರೂ ನೋಡಿದ್ದೀರಾ?

ಶಿಡ್ಲಘಟ್ಟದ ತಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಕ್ಕನಿಗೆ 41 ವರ್ಷ. ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳು ಸಾಕುತ್ತಾರೆ. ಬೀಡಿ ಸಿಗರೇಟು ಹಾಗಿರಲಿ, ಎಲೆ ಅಡಿಕೆ ಕೂಡ ಹಾಕುವವರಲ್ಲ. ಹೋದ ವರ್ಷದಿಂದ ಮುಖ ದುಂಡಗಾಗುತ್ತಾ ಬಂತು. ಹೊಟ್ಟೆ ಬಂತು, ಆದರೆ ಕೈಕಾಲು ಸಣ್ಣಗಾದವು. ಊರಲ್ಲಿ ಎಲ್ಲರೂ ಮೈಕೈ ತುಂಬಿಕೊಂಡಿದ್ದೀಯ ಅಂತ ಖುಷಿಪಟ್ಟರು. ಆಮೇಲೆ ಬಿಪಿ ಬಂತು, ಹಿಂದೆಯೇ ಸಕ್ಕರೆ ಕಾಯಿಲೆ ಬಂತು, ಮುಟ್ಟು ನಿಂತಿತು. ಹುಳುಮನೆಯಲ್ಲಿ ಸೊಪ್ಪು ಹಾಕಲು ಕುಕ್ಕರಗಾಲಲ್ಲಿ ಕೂತರೆ ಏಳಲು ಆಗುವುದಿಲ್ಲ, ಸ್ಟ್ಯಾಂಡಿನ ಕಂಬ ಹಿಡಿದು ಎರಡು ಸಲ ಪ್ರಯತ್ನಪಟ್ಟು ಏಳುತ್ತಾರೆ. ಬಳೆ ಒತ್ತಿದ ಕಡೆ ಚರ್ಮ ನೀಲಿಗಟ್ಟುತ್ತದೆ. ಬೆರಳಿನ ಗೆಣ್ಣುಗಳು, ಒಸಡು ಕಪ್ಪಾಗಿವೆ.

ಬಿಪಿಗೆ ಒಬ್ಬರು, ಸಕ್ಕರೆಗೆ ಇನ್ನೊಬ್ಬರು, ಮುಟ್ಟಿನ ತೊಂದರೆಗೆ ಮತ್ತೊಬ್ಬರು ಡಾಕ್ಟರು. ಒಬ್ಬೊಬ್ಬರದೂ ಬೇರೆ ಬೇರೆ ಚೀಟಿ. ಕೊನೆಗೆ ಒಬ್ಬ ಫಿಸಿಶಿಯನ್ ಎಲ್ಲಾ ಚೀಟಿ ಒಟ್ಟಿಗೆ ನೋಡಿ ಪೊಟ್ಯಾಶಿಯಂ ಟೆಸ್ಟ್ ಮಾಡಿಸಿದರು. ತುಂಬಾ ಕಡಿಮೆ, 2.6 ಬಂತು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ರಾತ್ರಿ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಕೊಟ್ಟು ಬೆಳಿಗ್ಗೆ ಕಾರ್ಟಿಸಾಲ್ ಹಾರ್ಮೋನ್ ನೋಡಿದರೆ, ಇಳಿಯಬೇಕಾದದ್ದು 31 ಇತ್ತು. ಎಸಿಟಿಎಚ್ ಅನ್ನುವ ಇನ್ನೊಂದು ಹಾರ್ಮೋನ್ ಕೂಡ ಜಾಸ್ತಿ, 168. ಮೆದುಳಿನ ಎಂಆರ್‌ಐ ನಾರ್ಮಲ್. ಎದೆಯ ಸಿಟಿಯಲ್ಲಿ ಬಲಗಡೆ 11 ಮಿಲಿಮೀಟರ್ ಗಂಟು ಇದೆಯಂತೆ. "ಇದು ಕಾರ್ಸಿನಾಯ್ಡ್ ಇರಬಹುದು, ಅದೇ ಹಾರ್ಮೋನ್ ಬಿಡುತ್ತಿದೆ" ಅಂದರು.

ಅಕ್ಕನಿಗೆ ಒಂದು ದಿನವೂ ಕೆಮ್ಮು ಬಂದಿಲ್ಲ. ಶ್ವಾಸಕೋಶದ ಗಂಟಿಗೂ ಮುಖ ಊದುವುದಕ್ಕೂ ಏನು ಸಂಬಂಧ? ಇದು ಕ್ಯಾನ್ಸರಾ? ಆಪರೇಷನ್ ಮಾಡಿಸಬಹುದಾ? ಮನೆಯಲ್ಲಿ ಎಲ್ಲರೂ ಭಯಪಟ್ಟಿದ್ದಾರೆ.

ಚಿಂತಾಮಣಿ ಮೆಡಿಕಲ್ಸ್

ಮೊದಲು ಒಂದು ಕೇಳಿ. ಮಂಡಿನೋವಿಗೆ, ಸೊಂಟನೋವಿಗೆ ಅಂತ ಎಲ್ಲಾದರೂ ಪುಡಿ ತಿಂದಿದ್ದಾರಾ? ಹಳ್ಳಿಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡಿದ್ದಾರಾ? ನಾನು ಔಷಧಿ ಅಂಗಡಿಯವನು. ಮುಖ ದುಂಡಗಾಗಿ ಬರುವವರನ್ನು ನೋಡುತ್ತಲೇ ಇರುತ್ತೇನೆ. ಹೆಚ್ಚಿನವರದು ಸ್ಟೀರಾಯ್ಡ್. ಚೀಟಿ ಇಲ್ಲದೆ ಬೀಟಾಮೆಥಾಸೋನ್ ಕೊಡಿ ಅಂತ ಜಗಳ ಮಾಡುವವರಿದ್ದಾರೆ. "ಅದು ತಿಂದರೆ ಹಸಿವು ಆಗುತ್ತದೆ, ನೋವು ಹೋಗುತ್ತದೆ" ಅಂತಾರೆ.

ಶಿಡ್ಲಘಟ್ಟದ ತಮ್ಮ

ಡಾಕ್ಟರೂ ಇದನ್ನೇ ಮೊದಲು ಕೇಳಿದರು ಸರ್. ಮನೆಯ ಡಬ್ಬಿ, ಮುಲಾಮು ಎಲ್ಲಾ ತರಿಸಿ ನೋಡಿದರು. ಏನೂ ಇಲ್ಲ.

ಬಾಗೇಪಲ್ಲಿ ರೈತ

ನಮ್ಮ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕೂತರೆ ಏಳಲು ಆಗದವರು ಊರು ತುಂಬಾ ಇದ್ದಾರೆ. ಅದೇ ಇರಬೇಕು. ಫಿಲ್ಟರ್ ನೀರು ಕುಡಿಸಿ, ಸುಮ್ನೆ ಬೆಂಗಳೂರಿಗೆ ದುಡ್ಡು ಸುರಿಯಬೇಡಿ.

ಮಾಲೂರು ವೈದ್ಯೆ

ಬಾಗೇಪಲ್ಲಿ ಅಣ್ಣ, ಫ್ಲೋರೈಡ್‌ನಿಂದ ಕೀಲು, ಬೆನ್ನು ಬಿಗಿಯುತ್ತವೆ, ಬಗ್ಗಲು ಆಗುವುದಿಲ್ಲ. ಇವರಿಗೆ ಆಗಿರುವುದು ಬೇರೆ. ತೊಡೆ, ಭುಜದ ಸ್ನಾಯು ಕರಗುತ್ತಿವೆ. ಪೊಟ್ಯಾಶಿಯಂ 2.6 ಇರುವವರಿಗೆ ಫಿಲ್ಟರ್ ನೀರು ಕುಡಿಸಿ ಕಾಯಿರಿ ಅನ್ನುವುದು ಅಪಾಯದ ಸಲಹೆ.

ತಮ್ಮ, ನಾನು ಹಾರ್ಮೋನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಅಕ್ಕನನ್ನು ನೋಡದೆ ಇದೇ ಕಾಯಿಲೆ ಅಂತ ಹೇಳಲಾರೆ, ಆದರೆ ಇದು ಹೇಗೆ ನಡೆಯುತ್ತದೆ ಅನ್ನುವುದನ್ನು ಹೇಳುತ್ತೇನೆ.

ಮೆದುಳಿನ ಕೆಳಗೆ ಪಿಟ್ಯುಟರಿ ಗ್ರಂಥಿ ಇದೆ. ಅದು ಎಸಿಟಿಎಚ್ ಅನ್ನುವ ಹಾರ್ಮೋನ್ ಬಿಡುತ್ತದೆ. ಅದು ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೋಗಿ ಕಾರ್ಟಿಸಾಲ್ ಮಾಡಿಸುತ್ತದೆ. ಕಾರ್ಟಿಸಾಲ್ ಸಾಕಾದಾಗ ಪಿಟ್ಯುಟರಿ ಸುಮ್ಮನಾಗುತ್ತದೆ, ಟ್ಯಾಂಕ್ ತುಂಬಿದಾಗ ಫ್ಲೋಟ್ ಮೇಲೆದ್ದು ಮೋಟಾರ್ ನಿಲ್ಲಿಸುವ ಹಾಗೆ. ಶ್ವಾಸನಾಳದ ಗೋಡೆಯಲ್ಲೂ ಹಾರ್ಮೋನ್ ಮಾಡಬಲ್ಲ ಜೀವಕೋಶಗಳು ಚದುರಿಕೊಂಡಿರುತ್ತವೆ. ಅಂಥ ಕೋಶಗಳ ಗಡ್ಡೆಯೇ ಕಾರ್ಸಿನಾಯ್ಡ್. ಅಪರೂಪಕ್ಕೆ ಅದು ಎಸಿಟಿಎಚ್ ಮಾಡಲು ಶುರು ಮಾಡುತ್ತದೆ. ಅದಕ್ಕೆ ಫ್ಲೋಟ್ ಇಲ್ಲ. ಅಡ್ರಿನಲ್ ಹಗಲು ರಾತ್ರಿ ಕಾರ್ಟಿಸಾಲ್ ಸುರಿಯುತ್ತದೆ. ದುಂಡು ಮುಖ, ಬಿಪಿ, ಸಕ್ಕರೆ, ನೀಲಿಗಟ್ಟುವ ಚರ್ಮ, ಮೂಳೆ ಸವೆತ, ಎಲ್ಲವೂ ಕಾರ್ಟಿಸಾಲ್ ಕೆಲಸ. ಗೆಣ್ಣು, ಒಸಡು ಕಪ್ಪಾಗುವುದು ಎಸಿಟಿಎಚ್ ತುಂಬಾ ಏರಿದ್ದರಿಂದ. ಇಡೀ ತೊಂದರೆಗೆ ಕುಶಿಂಗ್ ಸಿಂಡ್ರೋಮ್ ಅನ್ನುತ್ತೇವೆ.

ಪೊಟ್ಯಾಶಿಯಂ ಇಳಿಯುವುದಕ್ಕೂ ಕಾರಣ ಇದೆ. ಕಿಡ್ನಿಯಲ್ಲಿ ಕಾರ್ಟಿಸಾಲ್ ಅನ್ನು ಕೆಲಸಕ್ಕೆ ಬಾರದ ಹಾಗೆ ಮಾಡುವ ಒಂದು ಎಂಜೈಮ್ ಇದೆ. ಕಾರ್ಟಿಸಾಲ್ ವಿಪರೀತವಾದರೆ ಆ ಎಂಜೈಮ್ ಸಾಲುವುದಿಲ್ಲ. ಆಗ ಉಳಿದ ಕಾರ್ಟಿಸಾಲ್ ಉಪ್ಪನ್ನು ಮೈಯಲ್ಲಿ ಹಿಡಿದು ಪೊಟ್ಯಾಶಿಯಂ ಅನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಪಿಟ್ಯುಟರಿ ಗಡ್ಡೆಗಿಂತ ಶ್ವಾಸಕೋಶದಂಥ ಕಡೆಯಿಂದ ಎಸಿಟಿಎಚ್ ಬಂದಾಗ ಇದು ಜಾಸ್ತಿ ಕಾಣುತ್ತದೆ. ಆ ಫಿಸಿಶಿಯನ್ ಪೊಟ್ಯಾಶಿಯಂ ನೋಡಿದ್ದು ಬಹಳ ಒಳ್ಳೆಯದಾಯಿತು.

ತಿಪಟೂರು ತೆಂಗು

ಪೊಟ್ಯಾಶಿಯಂ ಅಲ್ವಾ? ದಿನಾ ಎಳನೀರು ಕೊಡಿ. ನಮ್ಮ ತೋಟದಿಂದ ಬೇಕಾದರೆ ಕಳಿಸುತ್ತೇನೆ.

ಮಾಲೂರು ವೈದ್ಯೆ

ನಿಮ್ಮ ಮನಸ್ಸು ದೊಡ್ಡದು ಸರ್. ಆದರೆ ಈ ಮಟ್ಟದ ಕೊರತೆ ಎಳನೀರಿನಿಂದ ತುಂಬುವುದಿಲ್ಲ, ಒಂದು ಕಡೆ ಕೊಟ್ಟಂತೆ ಇನ್ನೊಂದು ಕಡೆ ಹೋಗುತ್ತಿರುತ್ತದೆ. ಸಕ್ಕರೆ ಬೇರೆ ಇದೆ. ಸಿರಪ್ ಅಥವಾ ಡ್ರಿಪ್ ಬೇಕು, ಜೊತೆಗೆ ಪೊಟ್ಯಾಶಿಯಂ ಹೊರಗೆ ಹೋಗದಂತೆ ತಡೆಯುವ ಸ್ಪೈರನೊಲ್ಯಾಕ್ಟೋನ್ ಥರದ ಮಾತ್ರೆ ಕೊಡುತ್ತಾರೆ. 2.6ಕ್ಕೆ ಹೃದಯದ ಬಡಿತ ತಪ್ಪಬಹುದು. ಇಸಿಜಿ ಮಾಡಿಸಿದ್ದೀರಾ ತಮ್ಮ?

ಶಿಡ್ಲಘಟ್ಟದ ತಮ್ಮ

ಮಾಡಿದ್ದಾರೆ ಮೇಡಂ. ಸಿರಪ್ ಶುರುವಾಗಿದೆ. ಈಗ 3.4ಕ್ಕೆ ಬಂದಿದೆ.

ಗೌರಿಬಿದನೂರು ಮೇಷ್ಟ್ರು

ಇದರ ಚರಿತ್ರೆ ಓದಿದ್ದೇನೆ, ಹೇಳುತ್ತೇನೆ. ಹಾರ್ವಿ ಕುಶಿಂಗ್ ಅಮೆರಿಕದ ಮೆದುಳು ಶಸ್ತ್ರವೈದ್ಯ. 1912ರಲ್ಲಿ ಇಂಥ ಒಬ್ಬ ಯುವತಿಯ ವಿವರ ಬರೆದ. 1932ರಲ್ಲಿ ಇಂಥ ಹಲವು ರೋಗಿಗಳನ್ನು ಸೇರಿಸಿ ಇದಕ್ಕೆ ಪಿಟ್ಯುಟರಿ ಕಾರಣ ಅಂದ. ಅದಕ್ಕೂ ಮೊದಲೇ, 1928ರಲ್ಲಿ, ಬ್ರೌನ್ ಅನ್ನುವ ವೈದ್ಯ ಗಡ್ಡ ಬಂದಿದ್ದ, ಸಕ್ಕರೆ ಕಾಯಿಲೆಯಿದ್ದ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದ. ಆಕೆಗೆ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇತ್ತು. ಎರಡಕ್ಕೂ ನಂಟು ಇದೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಗಡ್ಡೆಯೇ ಎಸಿಟಿಎಚ್ ಮಾಡಬಲ್ಲದು ಅಂತ 1960ರ ದಶಕದಲ್ಲಿ ಗ್ರ್ಯಾಂಟ್ ಲಿಡ್ಲ್ ಮತ್ತು ಜೊತೆಗಾರರು ತೋರಿಸಿದರು. ಕಣ್ಣೆದುರು ಇದ್ದದ್ದು ಕಾಣಲು ಮೂವತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು. ನಿಮ್ಮ ಅಕ್ಕನದು ಒಂದೇ ವರ್ಷದಲ್ಲಿ ಗೊತ್ತಾಯಿತಲ್ಲ, ಅಷ್ಟು ಸಮಾಧಾನ.

ಮುಳಬಾಗಿಲು ಮಂಜು

ಎಂಆರ್‌ಐ ನಾರ್ಮಲ್ ಅಂದ ಮೇಲೆ ತಲೆಯದು ಮುಗಿಯಿತು. ಗಂಟು ಕಾಣುತ್ತಿದೆ. ಕೊಯ್ದು ತೆಗೆಸಿ. ಇಷ್ಟೊಂದು ಟೆಸ್ಟ್ ಯಾಕೆ?

ಮಾಲೂರು ವೈದ್ಯೆ

ಇಲ್ಲ ಮಂಜು ಅವರೇ, ಇದು ಅಷ್ಟು ಸುಲಭ ಅಲ್ಲ. ಪಿಟ್ಯುಟರಿಯ ಸಣ್ಣ ಗಡ್ಡೆ ಎಂಆರ್‌ಐಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಇನ್ನೊಂದು ಕಡೆ, ಏನೂ ತೊಂದರೆ ಇಲ್ಲದವರ ಪಿಟ್ಯುಟರಿಯಲ್ಲೂ ಸುಮಾರು ನೂರಕ್ಕೆ ಹತ್ತು ಜನರಿಗೆ ಚಿಕ್ಕ ಚುಕ್ಕೆ ಕಾಣುತ್ತದೆ. ಚಿತ್ರ ನೋಡಿ ತೀರ್ಮಾನ ಮಾಡಿದರೆ ಎರಡು ಕಡೆಯೂ ಏಮಾರಬಹುದು. ಎಸಿಟಿಎಚ್ ಹೆಚ್ಚಿರುವ ಕುಶಿಂಗ್‌ನಲ್ಲಿ ಬಹುಪಾಲು ಪಿಟ್ಯುಟರಿಯದೇ, ಬೇರೆ ಕಡೆಯದು ನೂರಕ್ಕೆ 10ರಿಂದ 15.

ಹಾಗಾಗಿ ರಕ್ತ ಎಲ್ಲಿಂದ ಎಸಿಟಿಎಚ್ ತರುತ್ತಿದೆ ಅಂತಲೇ ನೋಡುತ್ತಾರೆ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಏರಿಸಿ, ಪಿಟ್ಯುಟರಿಯ ರಕ್ತ ಇಳಿಯುವ ಎರಡೂ ಕಡೆಯಿಂದ ಸ್ಯಾಂಪಲ್ ತೆಗೆಯುತ್ತಾರೆ. ಅದೇ ಹೊತ್ತಿಗೆ ಕೈಯಿಂದಲೂ ತೆಗೆಯುತ್ತಾರೆ. ಅಲ್ಲಿಯ ಎಸಿಟಿಎಚ್ ಕೈಯದಕ್ಕಿಂತ ಎರಡು ಪಟ್ಟು ಅಥವಾ ಜಾಸ್ತಿ ಇದ್ದರೆ ಪಿಟ್ಯುಟರಿ. ವ್ಯತ್ಯಾಸ ಇಲ್ಲದಿದ್ದರೆ ಬೇರೆ ಕಡೆ ಹುಡುಕಬೇಕು. ಇದನ್ನು ಐಪಿಎಸ್‌ಎಸ್ ಅನ್ನುತ್ತಾರೆ. ಕೈ ಪಳಗಿದವರೇ ಮಾಡಬೇಕು. ಎಲ್ಲರಿಗೂ ಬೇಕಾಗುವುದಿಲ್ಲ, ಆದರೆ ಗೊಂದಲ ಇದ್ದಾಗ ಇದೇ ತೀರ್ಪು ಕೊಡುತ್ತದೆ.

ತುಮಕೂರು ಲ್ಯಾಬ್

ಲ್ಯಾಬ್ ಟೆಕ್ನೀಷಿಯನ್ ಆಗಿ ಒಂದು ಮಾತು. ಎಸಿಟಿಎಚ್ ತುಂಬಾ ಸೂಕ್ಷ್ಮ. ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದು ತಕ್ಷಣ ಐಸ್‌ನಲ್ಲಿ ಇಡಬೇಕು, ಬೇಗ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರೆ ಮಾಡಬೇಕು. ಹೊರಗೆ ಬಿಟ್ಟರೆ ಕರಗಿ ಹೋಗುತ್ತದೆ, ರಿಪೋರ್ಟ್ ಸುಳ್ಳೇ ಕಡಿಮೆ ಬರುತ್ತದೆ. ಆಗ ತೊಂದರೆ ಅಡ್ರಿನಲ್‌ನದೇ ಇರಬೇಕು ಅಂತ ಡಾಕ್ಟರು ಆ ಕಡೆ ತಿರುಗುತ್ತಾರೆ, ದಾರಿಯೇ ತಪ್ಪುತ್ತದೆ. ಮನೆಗೆ ಬಂದು ರಕ್ತ ತೆಗೆದು ಬೈಕ್ ಬ್ಯಾಗಿನಲ್ಲಿ ಬಿಸಿಲಲ್ಲಿ ಸುತ್ತಿಸುವವರಿಗೆ ಈ ಟೆಸ್ಟ್ ಕೊಡಲೇಬೇಡಿ. ಕಾರ್ಟಿಸಾಲ್ ನೋಡಲು ಮಾಡುವ 24 ಗಂಟೆ ಮೂತ್ರದ ಟೆಸ್ಟ್‌ಗೂ ಅಷ್ಟೇ: ಬೆಳಿಗ್ಗೆಯ ಮೊದಲನೆಯದನ್ನು ಚೆಲ್ಲಿ, ಅಲ್ಲಿಂದ ಮರುದಿನ ಬೆಳಿಗ್ಗೆಯ ಮೊದಲನೆಯದು ಸೇರಿಸಿ ಪೂರ್ತಿ ಹಿಡಿಯಬೇಕು. ನಡುವೆ ಒಂದು ಸಲ ಬಚ್ಚಲಿಗೆ ಹೋದರೂ ಲೆಕ್ಕ ಕೆಡುತ್ತದೆ.

ಕೋಲಾರ ಟೊಮೆಟೊ

ನಮ್ಮ ಮಾವನಿಗೆ ಎಕ್ಸ್‌ರೇಯಲ್ಲಿ ಚುಕ್ಕೆ ಕಂಡಾಗ ಕಫ ಕೂಡ ಪರೀಕ್ಷೆ ಮಾಡದೆ ಟಿಬಿ ಮಾತ್ರೆ ಶುರು ಮಾಡಿಸಿದ್ದರು. ಮೂತ್ರ ಕೆಂಪಗಾಗಿ ಹೆದರಿ ಮಾತ್ರೆ ಬಿಟ್ಟರು. ಇವರಿಗೂ ಟಿಬಿ ಅಲ್ಲ ಅಂತ ಹೇಗೆ ಗೊತ್ತು? ನಮ್ಮ ಜಿಲ್ಲೆಯಲ್ಲಿ ಟಿಬಿ ಕಲೆ ಇಲ್ಲದ ಶ್ವಾಸಕೋಶ ಎಷ್ಟಿದೆಯೋ.

ಮಾಲೂರು ವೈದ್ಯೆ

ಒಳ್ಳೆಯ ಪ್ರಶ್ನೆ. ಎರಡು ಕಾರಣಕ್ಕೆ ಇದು ಮುಖ್ಯ.

ಒಂದು, 11 ಮಿಲಿಮೀಟರ್ ಗಂಟು ಹಳೆಯ ಟಿಬಿ ಕಲೆಯೂ ಆಗಿರಬಹುದು. ಅದಕ್ಕೇ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ಮಾಡಿಸುತ್ತಾರೆ. ಕಾರ್ಸಿನಾಯ್ಡ್ ಕೋಶಗಳ ಮೇಲೆ ಸೊಮ್ಯಾಟೋಸ್ಟ್ಯಾಟಿನ್ ಎಂಬ ಹಾರ್ಮೋನ್ ಅಂಟುವ ಜಾಗಗಳು ಜಾಸ್ತಿ ಇರುತ್ತವೆ, ಸ್ಕ್ಯಾನ್‌ಗೆ ಕೊಡುವ ಡೋಟಾಟೇಟ್ ಔಷಧಿ ಅಲ್ಲಿ ಹೋಗಿ ಕೂರುತ್ತದೆ, ಸ್ಕ್ಯಾನ್‌ನಲ್ಲಿ ಹೊಳೆಯುತ್ತದೆ. ಆದರೆ ಟಿಬಿ ಗಂಟೂ ಕೆಲವೊಮ್ಮೆ ಸ್ವಲ್ಪ ಹೊಳೆಯುತ್ತದೆ. ಸಿಟಿ, ಪೆಟ್, ರಕ್ತದ ವರದಿ ಮೂರೂ ಒಂದೇ ಕಡೆ ಬೆರಳು ತೋರಿಸುತ್ತವಾ ಅಂತ ನೋಡಬೇಕು.

ಎರಡು, ಟಿಬಿಯ ರಿಫಾಂಪಿಸಿನ್ ಮಾತ್ರೆ ತಿನ್ನುತ್ತಿದ್ದರೆ ಡೆಕ್ಸಾಮೆಥಾಸೋನ್ ಟೆಸ್ಟ್ ನಂಬುವಂತಿಲ್ಲ. ರಿಫಾಂಪಿಸಿನ್ ಲಿವರನ್ನು ಚುರುಕು ಮಾಡಿ ಡೆಕ್ಸಾಮೆಥಾಸೋನ್ ಬೇಗ ಕರಗಿಸಿಬಿಡುತ್ತದೆ. ಕಾಯಿಲೆ ಇಲ್ಲದಿದ್ದರೂ ಕುಶಿಂಗ್ ಇದೆ ಅನ್ನುವ ಹಾಗೆ ವರದಿ ಬರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನದೂ ಇದೇ ಕಥೆ. ಗರ್ಭನಿರೋಧಕ ಮಾತ್ರೆಯಿಂದಲೂ ಕಾರ್ಟಿಸಾಲ್ ಸುಳ್ಳೇ ಜಾಸ್ತಿ ತೋರಿಸುತ್ತದೆ.

ಮತ್ತೆ, ಕಾರ್ಟಿಸಾಲ್ ಜಾಸ್ತಿ ಇದ್ದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಮಲಗಿದ್ದ ಟಿಬಿ ಏಳಬಹುದು. ಎರಡೂ ಒಟ್ಟಿಗೆ ಇರಲೂ ಸಾಧ್ಯ. ಕಫದ ಸಿಬಿನಾಟ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕೆಜಿಎಫ್ ಮಗಳು

ನಮ್ಮ ಅಪ್ಪ ಗಣಿಯಲ್ಲಿ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿತು, ಕೆಮ್ಮು ನಿಲ್ಲಲಿಲ್ಲ. ಧೂಳು ಕುಡಿದ ಶ್ವಾಸಕೋಶ. ಈ ಕಾರ್ಸಿನಾಯ್ಡ್ ಧೂಳಿನಿಂದಲೂ ಬರುತ್ತದಾ? ನಮ್ಮ ಬೀದಿಯಲ್ಲಿ ಹೀಗೆ ಮುಖ ಊದಿದವರನ್ನು ನೋಡಿಲ್ಲ.

ಮಾಲೂರು ವೈದ್ಯೆ

ಗಣಿ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ, ಅದರ ಬೆನ್ನಿಗೆ ಟಿಬಿ ಬರುತ್ತದೆ, ಶ್ವಾಸಕೋಶದ ಕ್ಯಾನ್ಸರ್ ಸಂಭವವೂ ಏರುತ್ತದೆ. ಕಾರ್ಸಿನಾಯ್ಡ್‌ಗೂ ಧೂಳಿಗೂ ಅಂಥ ನಂಟು ತೋರಿಸಿಲ್ಲ. ಬೀಡಿ ಸಿಗರೇಟಿನ ನಂಟು ಕೂಡ ಮಾಮೂಲಿ ಕಾರ್ಸಿನಾಯ್ಡ್‌ಗೆ ಅಷ್ಟಾಗಿ ಇಲ್ಲ. ಶ್ವಾಸಕೋಶದ ಗಡ್ಡೆಗಳಲ್ಲಿ ಇದು ನೂರಕ್ಕೆ ಒಂದೋ ಎರಡೋ. ಅದರಲ್ಲೂ ಎಸಿಟಿಎಚ್ ಬಿಡುವುದು ಇನ್ನೂ ಅಪರೂಪ. ಅಪ್ಪನನ್ನು ಒಮ್ಮೆ ಎದೆಯ ಡಾಕ್ಟರಿಗೆ ತೋರಿಸಿ ಅಕ್ಕ, ಈ ಕಾಯಿಲೆಯ ಭಯಕ್ಕಲ್ಲ, ಸಿಲಿಕೋಸಿಸ್‌ಗೆ.

ಬಾಗೇಪಲ್ಲಿ ರೈತ

ಹಿಪ್ಪುನೇರಳೆಗೆ ಹೊಡೆಯುವ ಔಷಧಿ? ಹುಳುಮನೆಗೆ ಹಾಕುವ ಬ್ಲೀಚಿಂಗ್ ಪೌಡರ್, ಫಾರ್ಮಲಿನ್? ಅದರ ಘಾಟು ಕುಡಿದರೆ ಏನೂ ಆಗುವುದಿಲ್ಲವಾ?

ಶಿಡ್ಲಘಟ್ಟದ ತಮ್ಮ

ಇದನ್ನು ನಮ್ಮ ಅಮ್ಮನೂ ಕೇಳುತ್ತಿದ್ದಾರೆ. ಹುಳು ಸಾಕಿದ್ದಕ್ಕೇ ಹೀಗಾಯಿತು ಅಂತ ಅಳುತ್ತಾರೆ.

ಮಾಲೂರು ವೈದ್ಯೆ

ಫಾರ್ಮಲಿನ್ ಘಾಟು ಒಳ್ಳೆಯದಲ್ಲ, ಮೂಗು ಬಾಯಿ ಮುಚ್ಚಿಕೊಂಡೇ ಕೆಲಸ ಮಾಡಬೇಕು. ಆದರೆ ಈ ಗಡ್ಡೆಗೆ ಅದು ಕಾರಣ ಅಲ್ಲ. ಅಮ್ಮನಿಗೆ ಧೈರ್ಯವಾಗಿ ಹೇಳಿ, ಹುಳುಮನೆಯಿಂದ ಬಂದದ್ದಲ್ಲ ಅಂತ.

ನಾಟಿ ಔಷಧಿ

ನಮ್ಮಲ್ಲಿ ಎಲ್ಲಾ ಗಡ್ಡೆ ಕರಗಿಸುವ ಪುಡಿ ಇದೆ. 40 ದಿನ. ಗ್ಯಾರಂಟಿ. ಇನ್‌ಬಾಕ್ಸ್‌ಗೆ ಬನ್ನಿ.

ಚಿಂತಾಮಣಿ ಮೆಡಿಕಲ್ಸ್

ಯಾರೂ ಹೋಗಬೇಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಈಗಾಗಲೇ ಕಾರ್ಟಿಸಾಲ್‌ನಿಂದ ಒದ್ದಾಡುತ್ತಿರುವವರಿಗೆ ಮೇಲಿನಿಂದ ಇನ್ನಷ್ಟು ಸ್ಟೀರಾಯ್ಡ್ ಕೊಟ್ಟ ಹಾಗಾಗುತ್ತದೆ. ಅಡ್ಮಿನ್, ಆ ಪೋಸ್ಟ್ ತೆಗೆಯಿರಿ.

ಮಧುಗಿರಿ ಸುಮ

ಈ ಚರ್ಚೆ ನೋಡಿ ಬರೆಯದೆ ಇರಲು ಆಗಲಿಲ್ಲ. ನನಗೆ ಇದೇ ಆಗಿತ್ತು. ಆಪರೇಷನ್ ಆಗಿ ವರ್ಷಗಳಾದವು. ಈಗ ಚೆನ್ನಾಗಿದ್ದೇನೆ.

ನನಗೂ ಮುಖ, ಹೊಟ್ಟೆ, ಬಿಪಿ. ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೆರೆಗಳು. ನಿದ್ದೆ ಬರುತ್ತಿರಲಿಲ್ಲ, ಕಾರಣ ಇಲ್ಲದೆ ಮಕ್ಕಳ ಮೇಲೆ ರೇಗುತ್ತಿದ್ದೆ, ಆಮೇಲೆ ಅಳುತ್ತಿದ್ದೆ. ಒಂದು ಆಸ್ಪತ್ರೆಯಲ್ಲಿ ಖಿನ್ನತೆ ಅಂತ ಮಾತ್ರೆ ಕೊಟ್ಟರು. ಇನ್ನೊಂದು ಕಡೆ "ಊಟ ಕಡಿಮೆ ಮಾಡಿ, ವಾಕಿಂಗ್ ಹೋಗಿ" ಅಂದರು. ನಾನು ಅರ್ಧ ಮುದ್ದೆ ತಿನ್ನುತ್ತಿದ್ದೆ, ಹೊಟ್ಟೆ ಮಾತ್ರ ಬೆಳೆಯುತ್ತಲೇ ಇತ್ತು. ಮನೆಯವರೂ ಕದ್ದು ತಿನ್ನುತ್ತಾಳೆ ಅಂತ ಅನುಮಾನಪಟ್ಟರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಗಂಟು ಚಿಕ್ಕದಿತ್ತು. ಮೊದಲು ಕಾರ್ಟಿಸಾಲ್ ಇಳಿಸಲು ಕೀಟೋಕೊನಜೋಲ್ ಕೊಟ್ಟರು, ಆಗಾಗ ಲಿವರ್ ಟೆಸ್ಟ್ ಮಾಡಿಸುತ್ತಿದ್ದರು. ಆಮೇಲೆ ಶ್ವಾಸಕೋಶದ ಆ ಒಂದು ಭಾಗ, ಸುತ್ತಲಿನ ದುಗ್ಧರಸ (ಲಿಂಫ್) ಗ್ರಂಥಿಗಳ ಜೊತೆಗೆ ತೆಗೆದರು. ಮೂರು ಸಣ್ಣ ರಂಧ್ರದಲ್ಲೇ ಮುಗಿಯಿತು.

ಯಾರೂ ನನಗೆ ಸರಿಯಾಗಿ ಹೇಳದೆ ಇದ್ದದ್ದು ಆಪರೇಷನ್ ನಂತರದ ಕಥೆ. ಅದನ್ನು ಅಕ್ಕನಿಗೆ ಮೊದಲೇ ಹೇಳಿಡಿ. ಮೈಯೆಲ್ಲಾ ನೋವು, ವಾಂತಿ, ಸುಸ್ತು, ಎದ್ದು ನಿಂತರೆ ತಲೆಸುತ್ತು. ಚರ್ಮ ಸುಲಿಯಿತು. ಗಡ್ಡೆ ಪೂರ್ತಿ ಹೋಗಿಲ್ಲವೇನೋ ಅಂದುಕೊಂಡೆ. ಡಾಕ್ಟರು ನಕ್ಕು, "ಇದು ಒಳ್ಳೆಯ ಲಕ್ಷಣ" ಅಂದರು. ಅಷ್ಟು ದಿನ ಗಡ್ಡೆಯ ಎಸಿಟಿಎಚ್ ಇದ್ದದ್ದರಿಂದ ಪಿಟ್ಯುಟರಿ ಮಲಗಿಬಿಟ್ಟಿರುತ್ತದೆ. ಗಡ್ಡೆ ಹೋದ ಮೇಲೆ ಎಸಿಟಿಎಚ್ ಕೊಡುವವರೇ ಇಲ್ಲ. ಪಿಟ್ಯುಟರಿ ಏಳುವವರೆಗೆ ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ಮಾತ್ರೆ ತಿನ್ನಬೇಕು. ನನಗೆ ಒಂದು ವರ್ಷದ ಹತ್ತಿರ ಬೇಕಾಯಿತು.

ಶಿಡ್ಲಘಟ್ಟದ ತಮ್ಮ

ಅಕ್ಕಾ, ನಿಮ್ಮ ಬರಹ ಓದಿ ಹೇಳಿದೆ. ನಮ್ಮ ಅಕ್ಕ ಎರಡನೇ ಸಲ ಓದಿಸಿಕೊಂಡರು. ಕದ್ದು ತಿನ್ನುತ್ತಾಳೆ ಅನ್ನುವ ಮಾತು ಅವರೂ ಕೇಳಿದ್ದಾರೆ. ಮುಖ ಮೊದಲಿನ ಹಾಗೆ ಆಯಿತಾ ಅಂತ ಕೇಳುತ್ತಿದ್ದಾರೆ.

ಮಧುಗಿರಿ ಸುಮ

ಆಯಿತು. ಮೊದಲು ಮುಖ ಇಳಿಯಿತು, ಹೊಟ್ಟೆ ಆಮೇಲೆ. ನೇರಳೆ ಗೆರೆ ಬಿಳಿ ಆದವು, ಪೂರ್ತಿ ಹೋಗಲಿಲ್ಲ. ಸಕ್ಕರೆ ಮಾತ್ರೆ ನಿಂತಿತು, ಬಿಪಿಯದು ಒಂದು ಉಳಿದಿದೆ. ಕಾಲಿನ ಶಕ್ತಿ ಬರಲು ಜಾಸ್ತಿ ದಿನ ಹಿಡಿಯಿತು, ಫಿಸಿಯೋಥೆರಪಿ ಬಿಡಬೇಡಿ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬಾರದು. ಜ್ವರ ಬಂದರೆ ಡೋಸ್ ಹೆಚ್ಚಿಸಬೇಕು, ಎಷ್ಟು ಅಂತ ಡಾಕ್ಟರು ಬರೆದುಕೊಡುತ್ತಾರೆ. ವಾಂತಿ ಆಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್‌ಗೆ ಆಸ್ಪತ್ರೆಗೆ ಓಡಬೇಕು. ಸ್ಟೀರಾಯ್ಡ್ ತಿನ್ನುತ್ತಿದ್ದೇನೆ ಅನ್ನುವ ಚೀಟಿ ನನ್ನ ಪರ್ಸ್‌ನಲ್ಲೇ ಇರುತ್ತಿತ್ತು.

ಮುಳಬಾಗಿಲು ಮಂಜು

ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುತ್ತಾರೆ. ಅದಕ್ಕೆ ಮಾತ್ರ ಒಪ್ಪಬೇಡಿ.

ಮಾಲೂರು ವೈದ್ಯೆ

ಹರಡುತ್ತದೆ ಅನ್ನುವ ಭಯಕ್ಕೆ ಎಷ್ಟೋ ಜನ ತಡಮಾಡಿಕೊಂಡು ಬರುತ್ತಾರೆ, ಆ ಭಯ ಬೇಡ. ಕಾರ್ಸಿನಾಯ್ಡ್‌ನಲ್ಲಿ ನಿಜವಾದ ಎಚ್ಚರಿಕೆ ಬೇರೆ: ಇದಕ್ಕೆ ರಕ್ತನಾಳ ಜಾಸ್ತಿ, ಚುಚ್ಚಿದರೆ ರಕ್ತ ಬರಬಹುದು. ಗಂಟು ಚಿಕ್ಕದಾಗಿ, ಸ್ಕ್ಯಾನ್ ಮತ್ತು ರಕ್ತದ ವರದಿ ಎಲ್ಲಾ ಹೊಂದಿಕೊಂಡರೆ ಬಯಾಪ್ಸಿ ಇಲ್ಲದೆ ನೇರ ಆಪರೇಷನ್‌ಗೆ ಹೋಗುವುದೂ ಉಂಟು. ತೆಗೆದ ಗಂಟನ್ನು ಪೆಥಾಲಜಿಯವರು ನೋಡುತ್ತಾರೆ.

ತಮ್ಮ ಕೇಳಿದ "ಇದು ಕ್ಯಾನ್ಸರಾ" ಅನ್ನುವುದಕ್ಕೆ ಇನ್ನೂ ಯಾರೂ ನೇರ ಉತ್ತರ ಕೊಟ್ಟಿಲ್ಲ. ಹೌದು, ಕ್ಯಾನ್ಸರ್ ಜಾತಿಯದೇ. ಆದರೆ ಹೆಚ್ಚಿನವು ನಿಧಾನ ಬೆಳೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ ಅಂತ ಎಣಿಸಿ ಎರಡು ಬಗೆ ಮಾಡುತ್ತಾರೆ. ನಿಧಾನದ್ದು ಟಿಪಿಕಲ್, ಚುರುಕಾದದ್ದು ಎಟಿಪಿಕಲ್. ಟಿಪಿಕಲ್ ಪೂರ್ತಿ ತೆಗೆದರೆ 5 ವರ್ಷದ ನಂತರವೂ ಬದುಕಿರುವವರು ನೂರಕ್ಕೆ 90ರ ಆಸುಪಾಸು. ಎಸಿಟಿಎಚ್ ಬಿಡುವವು ಚಿಕ್ಕವಿದ್ದರೂ ಪಕ್ಕದ ದುಗ್ಧರಸ ಗ್ರಂಥಿಗೆ ಹರಡಿರಬಹುದು, ಅದಕ್ಕೇ ಗ್ರಂಥಿಗಳನ್ನೂ ತೆಗೆಯುವುದು. ಆಮೇಲೆ ವರ್ಷಗಟ್ಟಲೆ ತೋರಿಸುತ್ತಿರಬೇಕು, ತಡವಾಗಿ ಮರಳಿ ಬಂದ ಉದಾಹರಣೆಗಳಿವೆ.

ಸದ್ಯಕ್ಕೆ ಅಪಾಯ ಗಡ್ಡೆಗಿಂತ ಕಾರ್ಟಿಸಾಲ್‌ನಿಂದಲೇ ಜಾಸ್ತಿ. ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಪೊಟ್ಯಾಶಿಯಂ. ಒಂದು ಕಾಲು ಮಾತ್ರ ಊದಿದರೆ, ದಿಢೀರ್ ಉಸಿರು ಕಟ್ಟಿದರೆ, ಜ್ವರ ಬಂದರೆ ಅದೇ ದಿನ ಹೋಗಿ. ಕೀಟೋಕೊನಜೋಲ್ ಹುಳುಕಡ್ಡಿಗೂ ಕೊಡುವ ಮಾತ್ರೆ ಅಂತ ಅಂಗಡಿಯಲ್ಲಿ ಕೊಂಡು ನೀವೇ ಶುರು ಮಾಡಬೇಡಿ.

ಪಾವಗಡ ಪ್ರಸಾದ

ನಮ್ಮ ದೊಡ್ಡಪ್ಪನದು ಇದರ ಪಕ್ಕದ ಕಥೆ ಅನ್ನಿಸುತ್ತದೆ. ಜೀವನಪೂರ್ತಿ ಬೀಡಿ. ಒಂದು ದಿನ ಮಾತು ತಡವರಿಸಿತು, ಮನೆ ದಾರಿ ಮರೆತರು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು. ಕೊನೆಗೆ ಸೋಡಿಯಂ 112ಕ್ಕೆ ಇಳಿದಿದೆ ಅಂತ ಗೊತ್ತಾಯಿತು. ಉಪ್ಪು ತಿನ್ನಿಸಿದರು, ಏರಲಿಲ್ಲ. ಶ್ವಾಸಕೋಶದಲ್ಲಿ ಗಡ್ಡೆ ಇತ್ತು. ಉಪ್ಪಿಗೂ ಶ್ವಾಸಕೋಶಕ್ಕೂ ಏನು ಅಂತ ಇವತ್ತಿನವರೆಗೂ ಅರ್ಥ ಆಗಿರಲಿಲ್ಲ.

ಮಾಲೂರು ವೈದ್ಯೆ

ಅದು ಬಹುಶಃ ಸ್ಮಾಲ್ ಸೆಲ್ ಕ್ಯಾನ್ಸರ್. ಅದು ಕಾರ್ಸಿನಾಯ್ಡ್ ಥರ ನಿಧಾನದ್ದಲ್ಲ, ಬೀಡಿ ಸಿಗರೇಟಿನ ಜೊತೆ ಗಟ್ಟಿ ನಂಟು. ಕಿಡ್ನಿಗೆ ನೀರು ಹಿಡಿದುಕೋ ಅನ್ನುವ ಹಾರ್ಮೋನ್ ಅನ್ನು ಆ ಗಡ್ಡೆ ಬಿಡುತ್ತದೆ. ನೀರು ಒಳಗೇ ಉಳಿದು ಸೋಡಿಯಂ ತೆಳುವಾಗುತ್ತದೆ. ಅಂದರೆ ಉಪ್ಪು ಕಡಿಮೆ ಆದದ್ದಲ್ಲ, ನೀರು ಜಾಸ್ತಿ ಆದದ್ದು. ಅದಕ್ಕೇ ನೀರು ಕುಡಿಯುವುದನ್ನು ಕಡಿಮೆ ಮಾಡಿಸುತ್ತಾರೆ. 1957ರಲ್ಲಿ ಶ್ವಾರ್ಟ್ಜ್, ಬಾರ್ಟರ್ ಮತ್ತು ಜೊತೆಗಾರರು ಮೊದಲು ವಿವರಿಸಿದ್ದೇ ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರಲ್ಲಿ. ಸ್ಕ್ವಾಮಸ್ ಅನ್ನುವ ಇನ್ನೊಂದು ಬಗೆಯಲ್ಲಿ ಕ್ಯಾಲ್ಸಿಯಂ ಏರುತ್ತದೆ, ಬಾಯಾರಿಕೆ, ಮಲಬದ್ಧತೆ, ಮಂಪರು.

ಗೌರಿಬಿದನೂರು ಮೇಷ್ಟ್ರು

ಕಾರ್ಸಿನಾಯ್ಡ್‌ನಿಂದ ಕೈಕಾಲು ಬೆಳೆಯುವುದೂ ಉಂಟಂತೆ ಅಲ್ವಾ? ಪಿಟ್ಯುಟರಿಗೆ ಬೆಳವಣಿಗೆ ಹಾರ್ಮೋನ್ ಬಿಡು ಅನ್ನುವ ಹಾರ್ಮೋನ್ ಅನ್ನು 1982ರಲ್ಲಿ ಮೊದಲು ಬೇರ್ಪಡಿಸಿದ್ದೇ ಗಡ್ಡೆಯಿಂದ, ಮೇದೋಜೀರಕ ಗ್ರಂಥಿಯದು.

ಮಾಲೂರು ವೈದ್ಯೆ

ಹೌದು ಮೇಷ್ಟ್ರೇ. ತೀರಾ ಅಪರೂಪ. ಉಂಗುರ ಬಿಗಿಯಾಗುತ್ತದೆ, ಚಪ್ಪಲಿ ಅಳತೆ ಏರುತ್ತದೆ, ದವಡೆ ಮುಂದೆ ಬರುತ್ತದೆ.

ಕೋಲಾರ ಟೊಮೆಟೊ

ದುಡ್ಡಿನ ವಿಷಯ ಯಾರೂ ಮಾತಾಡುತ್ತಿಲ್ಲ. ಸ್ಕ್ಯಾನ್, ಆಪರೇಷನ್, ಬೆಂಗಳೂರಲ್ಲಿ ಉಳಿದುಕೊಳ್ಳುವುದು. ರೇಷ್ಮೆಗೂಡಿನ ರೇಟು ನೋಡಿದರೆ ರೈತ ಎಲ್ಲಿಂದ ತರುತ್ತಾನೆ?

ಚಿಂತಾಮಣಿ ಮೆಡಿಕಲ್ಸ್

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಳ್ಳಿ. ಅದಿಲ್ಲದೆ ನೇರ ಹೋದರೆ ಕೌಂಟರಿನಲ್ಲಿ ವಾಪಸ್ ಕಳಿಸುತ್ತಾರೆ. ಸ್ಕ್ಯಾನ್‌ಗಳು ಯೋಜನೆಯಲ್ಲಿ ಬರುತ್ತವಾ ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರನ್ನು, ಅಂದರೆ ಆರೋಗ್ಯ ಮಿತ್ರರನ್ನು ಕೇಳಿ. ಹೊಸೂರು ರಸ್ತೆಯ ಕಡೆ ಕಿದ್ವಾಯಿ, ನಿಮ್ಹಾನ್ಸ್, ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಎಲ್ಲಾ ಹತ್ತಿರ ಹತ್ತಿರ ಇವೆ, ಸರ್ಕಾರಿಯವೇ.

ಮುಳಬಾಗಿಲು ಮಂಜು

ಮೇಡಂ, ಒಂದು ಕೊನೆಯ ಪ್ರಶ್ನೆ. ನಮ್ಮ ಅತ್ತಿಗೆಗೂ ದಪ್ಪ, ಬಿಪಿ, ಸಕ್ಕರೆ. ಅವರಿಗೂ ಇದೇ ಇರಬಹುದಾ? ಎಲ್ಲರೂ ಟೆಸ್ಟ್ ಮಾಡಿಸಬೇಕಾ?

ಮಾಲೂರು ವೈದ್ಯೆ

ದಪ್ಪ, ಬಿಪಿ, ಸಕ್ಕರೆ ಇರುವ ಸಾವಿರಾರು ಜನರಿಗೆ ಇದು ಇರುವುದಿಲ್ಲ. ನಾವು ಹುಡುಕುವುದು ಬೇರೆ ಗುರುತು. ತೊಡೆಯ ಶಕ್ತಿ ಹೋಗಿ ಕೂತಲ್ಲಿಂದ ಏಳಲು ಆಗದಿರುವುದು, ಚರ್ಮ ತೆಳುವಾಗಿ ಸುಮ್ಮನೆ ನೀಲಿಗಟ್ಟುವುದು, ಒಂದು ಸೆಂಟಿಮೀಟರ್‌ಗಿಂತ ಅಗಲದ ನೇರಳೆ ಗೆರೆ, ಚಿಕ್ಕ ವಯಸ್ಸಿಗೇ ಮೂಳೆ ಮುರಿಯುವುದು, ಪೊಟ್ಯಾಶಿಯಂ ಇಳಿಯುವುದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ, ಅದೂ ಕೆಲವೇ ತಿಂಗಳಲ್ಲಿ ಬಂದರೆ ಟೆಸ್ಟ್ ಮಾಡಿಸಬೇಕು. ಟೆಸ್ಟ್ ಕಷ್ಟದ್ದೇನಲ್ಲ. ರಾತ್ರಿ 11ಕ್ಕೆ ಡೆಕ್ಸಾಮೆಥಾಸೋನ್ 1 ಮಿಲಿಗ್ರಾಂ, ಬೆಳಿಗ್ಗೆ 8ಕ್ಕೆ ರಕ್ತ. ಕಾರ್ಟಿಸಾಲ್ 1.8ಕ್ಕಿಂತ ಕೆಳಗೆ ಬಂದರೆ ಸಮಾಧಾನವಾಗಿರಬಹುದು. ಡಾಕ್ಟರು ಬರೆದುಕೊಟ್ಟ ಮೇಲೆ ಮಾತ್ರ.

ಶಿಡ್ಲಘಟ್ಟದ ತಮ್ಮ

ಡೋಟಾಟೇಟ್ ಸ್ಕ್ಯಾನ್ ಆಯಿತು. ಸಿಟಿಯಲ್ಲಿ ಕಂಡ ಅದೇ ಗಂಟು ಹೊಳೆದಿದೆ, ಬೇರೆ ಎಲ್ಲೂ ಇಲ್ಲ ಅಂದರು. ಆದರೂ ಐಪಿಎಸ್‌ಎಸ್ ಮಾಡಿ ಖಾತ್ರಿ ಮಾಡಿಕೊಳ್ಳೋಣ ಅಂತಿದ್ದಾರೆ. ಕಾರ್ಟಿಸಾಲ್ ಇಳಿಸುವ ಮಾತ್ರೆ ಶುರುವಾಗಿದೆ. ಆಪರೇಷನ್ ಮುಂದಿನ ತಿಂಗಳು. ಅಕ್ಕ ಒಪ್ಪಿದ್ದಾರೆ. ಈ ಸಲದ ಹುಳು ಭಾವ ಮತ್ತು ನಾನು ನೋಡಿಕೊಳ್ಳುತ್ತೇವೆ. ಬೆಂಗಳೂರಿಗೆ ಹೋಗುವಾಗ ಏನೇನು ಒಯ್ಯಬೇಕು?

ಮಧುಗಿರಿ ಸುಮ

ಸಿಟಿ, ಎಂಆರ್‌ಐ, ಪೆಟ್ ಮೂರರದೂ ಸಿಡಿ ತೆಗೆದುಕೊಂಡು ಹೋಗಿ, ಬರೀ ಫಿಲ್ಮ್ ಸಾಲದು. ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಎರಡು ಜೆರಾಕ್ಸ್ ಇಟ್ಟುಕೊಳ್ಳಿ. ಈಗ ತಿನ್ನುತ್ತಿರುವ ಮಾತ್ರೆಗಳ ಹೆಸರು, ಹೊತ್ತು ಒಂದು ಹಾಳೆಯಲ್ಲಿ ಬರೆಯಿರಿ. ರೇಷನ್ ಕಾರ್ಡ್, ಆಧಾರ್, ರೆಫರಲ್ ಚೀಟಿ. ಅಕ್ಕನಿಗೆ ಬಳೆ, ಉಂಗುರ ಮನೆಯಲ್ಲೇ ಬಿಚ್ಚಿಡಲು ಹೇಳಿ, ಚರ್ಮ ತೆಳು ಇರುವಾಗ ಅಲ್ಲಿ ಅವಸರದಲ್ಲಿ ಎಳೆದರೆ ಗಾಯ ಆಗುತ್ತದೆ. ಪ್ಲಾಸ್ಟರ್ ಕೀಳುವಾಗಲೂ ನಿಧಾನ ಅಂತ ನರ್ಸ್‌ಗೆ ಹೇಳಿ. ನನ್ನ ನಂಬರ್ ಮೆಸೇಜ್‌ನಲ್ಲಿ ಕಳಿಸಿದ್ದೇನೆ, ಅಕ್ಕನಿಗೇ ಮಾತಾಡಲು ಹೇಳಿ, ಸಂಜೆ 7ರ ಮೇಲೆ ಯಾವಾಗ ಬೇಕಾದರೂ.